ತೆಂಗಿನ ಸೀಮೆಗೆ ಎಂಥ ಕಾಲೇಜು ಬೇಕು?

ತಿಪಟೂರಿನ ಪದವಿ ಕಾಲೇಜುಗಳ ಪಠ್ಯ, ಪರೀಕ್ಷೆ, ಅಂಕಪಟ್ಟಿಗಳೆಲ್ಲ ತುಮಕೂರು ವಿಶ್ವವಿದ್ಯಾಲಯದ ಕೈಯಲ್ಲಿವೆ. ಅದೇ ಊರಿನ ಕಲ್ಪತರು ಎಂಜಿನಿಯರಿಂಗ್ ಕಾಲೇಜಿನ ಪಠ್ಯ ತೀರ್ಮಾನವಾಗುವುದು 300 ಕಿಲೋಮೀಟರಿಗೂ ದೂರದ ಬೆಳಗಾವಿಯಲ್ಲಿ. ಊರಿನ ಮಗ್ಗುಲಲ್ಲೇ ಇರುವ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ತೆಂಗು ತೋಟಗಾರಿಕೆ ಬೆಳೆಯಾದ್ದರಿಂದ ಅದರ ಶಾಸ್ತ್ರೀಯ ವಿದ್ಯೆ ಬಾಗಲಕೋಟೆಯ ವಿಶ್ವವಿದ್ಯಾಲಯದ ಪಾಲಿಗೆ ಹೋಗಿದೆ. ತೆಂಗಿನ ಮೂಲ ಸಂಶೋಧನೆ ಕಾಸರಗೋಡಿನಲ್ಲಿ ನಡೆಯುತ್ತದೆ. ಇಷ್ಟೆಲ್ಲ ಬಗೆಯ ಸಂಸ್ಥೆಗಳಿರುವುದು ನಾಡಿನ ಭಾಗ್ಯವೇ. ಆದರೆ ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಬಿ.ಕಾಂ. ಓದುತ್ತಿರುವ ತೋಟದ ಮನೆಯ ಹುಡುಗಿಗೆ ಇವುಗಳಲ್ಲಿ ಒಂದರ ಬಾಗಿಲು ಮಾತ್ರ ತೆರೆದಿದೆ. ಉಳಿದವು ಇದ್ದೂ ಅವಳಿಗಿಲ್ಲ.

ಹೀಗಾದದ್ದಕ್ಕೆ ಇತಿಹಾಸವಿದೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಹುಟ್ಟಿದವು. ಪಾಠ ಹೇಳುವುದು ಕಾಲೇಜು, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಮರುವರ್ಷವೇ ಲಂಡನ್ ತನ್ನ ನಿಯಮ ಬದಲಿಸಿ, ಮಾನ್ಯ ಕಾಲೇಜಿನಲ್ಲಿ ಓದದವರಿಗೂ ಪರೀಕ್ಷೆಯ ಬಾಗಿಲು ತೆರೆಯಿತು. ನಾವು ಮಾತ್ರ ಆ ಹಳೆಯ ಏರ್ಪಾಡನ್ನೇ ಬೆಳೆಸಿದೆವು. ಆಮೇಲೆ ಒಂದೊಂದು ವಿಷಯಕ್ಕೆ ಒಂದೊಂದು ವಿಶ್ವವಿದ್ಯಾಲಯ ಬಂತು: ಬೆಂಗಳೂರಿನಲ್ಲಿ 1964ರಲ್ಲಿ ಕೃಷಿಗೆ, 1996ರಲ್ಲಿ ವೈದ್ಯಕ್ಕೆ, ಬೆಳಗಾವಿಯಲ್ಲಿ 1998ರಲ್ಲಿ ತಂತ್ರಶಿಕ್ಷಣಕ್ಕೆ, ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಗೆ. ಕೇಂದ್ರೀಯ, ರಾಜ್ಯ, ಖಾಸಗಿ, ಡೀಮ್ಡ್, ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂಬುದು ಕಾನೂನಿನ ಇನ್ನೊಂದು ವಿಂಗಡಣೆ. ಈ ಹೆಸರುಗಳಿಂದ ಸಂಸ್ಥೆಯನ್ನು ಯಾರು ಕಟ್ಟಿದರು, ಅದು ಯಾವ ಕಾಯಿದೆಗೆ ಒಳಪಟ್ಟಿದೆ ಎಂಬುದು ತಿಳಿಯುತ್ತದೆಯೇ ಹೊರತು ಯಾರಿಗಾಗಿ ಏನು ಮಾಡುತ್ತದೆ ಎಂಬುದು ತಿಳಿಯುವುದಿಲ್ಲ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳೂ 45,473 ಕಾಲೇಜುಗಳೂ ಇವೆ. 18ರಿಂದ 23ರ ವಯಸ್ಸಿನ ಲಕ್ಷ ಜನರಿಗೆ 66 ಕಾಲೇಜುಗಳಿರುವ ಕರ್ನಾಟಕ ಈ ಲೆಕ್ಕದಲ್ಲಿ ದೇಶಕ್ಕೇ ಮೊದಲು. ಎಣಿಕೆಯಲ್ಲಿ ನಮಗೆ ಬಡತನವಿಲ್ಲ. ಬಡತನವಿರುವುದು ತಾಲ್ಲೂಕು ಕಾಲೇಜಿನ ಅಧಿಕಾರದಲ್ಲಿ. ವಿದ್ಯಾರ್ಥಿಗಳ ದೊಡ್ಡ ಪಾಲು ಇರುವುದು ಇಂಥ ಕಾಲೇಜುಗಳಲ್ಲೇ, ಆದರೆ ತನ್ನ ಪಾಠದ ಒಂದು ಘಟಕವನ್ನು ಬದಲಿಸುವ ಹಕ್ಕೂ ಅದಕ್ಕಿಲ್ಲ.

ಈ ಕೊರತೆ ಎಷ್ಟು ದುಬಾರಿ ಎಂಬುದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕಾಣುತ್ತದೆ. ಬಲಿತ ಕಾಯನ್ನು ಅಟ್ಟದ ಮೇಲೆ ಎಂಟು-ಹತ್ತು ತಿಂಗಳು ಒಣಗಲು ಬಿಟ್ಟು, ಮಟ್ಟೆ ಸುಲಿದು, ಚಿಪ್ಪು ಒಡೆದು ತೆಗೆಯುವ ಉಂಡೆ ಕೊಬ್ಬರಿ ಈ ಸೀಮೆಯ ಬದುಕು. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ರೈತರು ಮಾರಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಎರಡೇ ವರ್ಷದಲ್ಲಿ ಇಷ್ಟು ಏರಿಳಿತ ಏಕೆ? ಅಟ್ಟದಲ್ಲಿ ಮಾಲು ಇಟ್ಟುಕೊಂಡು ಕಾಯುವ ಶಕ್ತಿ ಯಾರಿಗಿದೆ, ಯಾರಿಗಿಲ್ಲ? ಖರೀದಿ ಕೇಂದ್ರ ತಡವಾಗಿ ತೆರೆದರೆ ಲಾಭ ಯಾರಿಗೆ? ವಾಣಿಜ್ಯ, ಅರ್ಥಶಾಸ್ತ್ರ ಕಲಿಯುವವರಿಗೆ ಇದಕ್ಕಿಂತ ಜೀವಂತ ಪಾಠ ಬೇರೆಲ್ಲಿದೆ? ವಿಜ್ಞಾನದ ವಿದ್ಯಾರ್ಥಿಗಳಿಗೆ ನುಸಿ, ಕಪ್ಪು ತಲೆ ಹುಳು, ಅಣಬೆ ರೋಗ, ಈಚಿನ ಬಿಳಿ ನೊಣ ಎಲ್ಲವೂ ಕಾಲೇಜಿನ ಕಾಂಪೌಂಡಿನ ಆಚೆಗೇ ಇವೆ. ಚಿಕ್ಕನಾಯಕನಹಳ್ಳಿಯಲ್ಲಿ ಭೂವಿಜ್ಞಾನಿಗಳು ಹುಡುಕಿಕೊಂಡು ಬರುವ ಶಿಲಾಶ್ರೇಣಿಯಿದೆ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಗಣಿಗಳಿವೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೇ ಶತಮಾನದ ಕಲ್ಲೇಶ್ವರ ಗುಡಿಯಿದೆ. ಇವನ್ನೆಲ್ಲ ಪಠ್ಯದ ಹೊರಗಿಟ್ಟು ಜಿಲ್ಲೆಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಕಳಿಸುವ ಪದ್ಧತಿಗೆ ಅನುಕೂಲವಲ್ಲದೆ ಬೇರೆ ಸಮರ್ಥನೆ ನನಗೆ ಕಾಣುವುದಿಲ್ಲ.

ಬೇರೆ ದಾರಿ ನಮಗೆ ಹೊಸದೇನಲ್ಲ. ಅಮೆರಿಕದಲ್ಲಿ 1862ರ ಮೊರಿಲ್ ಕಾಯಿದೆ ಸರ್ಕಾರಿ ಭೂಮಿಯ ಹಣದಿಂದ ರಾಜ್ಯಕ್ಕೊಂದರಂತೆ ಕಾಲೇಜು ಕಟ್ಟಿಸಿ, ಬೇಸಾಯ ಮತ್ತು ಯಂತ್ರವಿದ್ಯೆಗಳನ್ನು ಉಳಿದ ವಿದ್ಯೆಗಳ ಸಾಲಿನಲ್ಲಿ ಕೂರಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆ ಮಾದರಿಯಲ್ಲೇ, ಟೆನ್ನೆಸೀ ವಿಶ್ವವಿದ್ಯಾಲಯದ ನೆರವಿನಿಂದ ರೂಪುಗೊಂಡಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸಂಸ್ಥೆಯ ಕೆಲಸ ಎಂಬ ಅದರ ತತ್ವದಿಂದಲೇ ಕೊನೆಹಳ್ಳಿಯಂಥ ಕೇಂದ್ರಗಳು ಬಂದವು. ಅದಕ್ಕೂ ಮೊದಲು, 1948–49ರ ರಾಧಾಕೃಷ್ಣನ್ ಆಯೋಗ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದು ಹೇಳಿತ್ತು. ನಾವು ಆ ತತ್ವವನ್ನು ಕೃಷಿ ಪದವಿಯೊಳಗೆ ಕೂಡಿಹಾಕಿದೆವು, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಅದು ದಕ್ಕಲಿಲ್ಲ.  ತಿಪಟೂರಿನ ಎತ್ತರದ ತಳಿಯಿಂದಲೇ ಆಯ್ದು ‘ಕಲ್ಪತರು’ ಎಂಬ ತಳಿಯನ್ನು ಕಾಸರಗೋಡಿನ ತೆಂಗು ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದೆ. ಆ ಆಯ್ಕೆ ನಡೆದ ಬಗೆಯನ್ನು ತಿಪಟೂರಿನ ಸಸ್ಯಶಾಸ್ತ್ರದ ವಿದ್ಯಾರ್ಥಿ ಪಠ್ಯವಾಗಿ ಓದುವಂತಿರಬೇಕು.

ಇದಕ್ಕೆ ಬರುವ ದೊಡ್ಡ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೋಟದವರ ಮಕ್ಕಳಿಗೆ ತೋಟದ ಪಾಠ, ಪಟ್ಟಣದವರಿಗೆ ಜಗತ್ತಿನ ಪಾಠ ಎಂದಾದರೆ ಅದು ವಿದ್ಯೆಯ ಹೆಸರಿನ ಜಾತಿಪದ್ಧತಿಯಾಗುತ್ತದೆ. ಹಳ್ಳಿಯ ಹುಡುಗಿ ಕಾಲೇಜಿಗೆ ಬರುವುದು ಅಟ್ಟದ ಕೊಬ್ಬರಿಯಿಂದ ಬಿಡುಗಡೆ ಪಡೆಯಲಿಕ್ಕೂ ಹೌದು. ಬ್ರಿಟನ್ ತನ್ನ ಪಾಲಿಟೆಕ್ನಿಕ್‌ಗಳನ್ನು ಬಹುಕಾಲ ಬೇರೆ ಬಗೆಯಾಗಿ ಇಟ್ಟು, ಕೊನೆಗೆ 1992ರಲ್ಲಿ ಅವಕ್ಕೂ ವಿಶ್ವವಿದ್ಯಾಲಯದ ಹೆಸರನ್ನೇ ಕೊಡಬೇಕಾಯಿತು. ಬಗೆ ಬೇರೆಯಾದಲ್ಲಿ ಅಂತಸ್ತೂ ಬೇರೆಯಾಗಿಬಿಡುತ್ತದೆ ಎಂಬ ಭಯಕ್ಕೆ ಇದು ಸಾಕ್ಷಿ. ಆದ್ದರಿಂದಲೇ ನನ್ನ ವಾದ ಪೂರ್ತಿ ಪಠ್ಯದ ಬಗ್ಗೆ ಅಲ್ಲ. ಮುಕ್ಕಾಲು ಭಾಗ ಎಲ್ಲರಿಗೂ ಒಂದೇ ಇರಲಿ. ಕಾಲು ಭಾಗವನ್ನು ಕಾಲೇಜು ರೂಪಿಸಲಿ. ಅದರ ಅಂಕ ಮೈಸೂರಿನಲ್ಲೂ ದೆಹಲಿಯಲ್ಲೂ ಸಲ್ಲಲಿ. ಬೆಲೆಯ ಏರಿಳಿತವನ್ನು ಕೊಬ್ಬರಿಯಲ್ಲಿ ಬಿಡಿಸಿ ನೋಡಲು ಕಲಿತವಳು ಅದನ್ನು ಕಚ್ಚಾತೈಲದಲ್ಲೂ ನೋಡಬಲ್ಲಳು. ಅಂಕ ಕೊಡುವಲ್ಲಿ ಸ್ಥಳೀಯ ಒತ್ತಡ ಬರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಬರುತ್ತದೆ; ಹೊರಗಿನ ಪರೀಕ್ಷಕರೊಬ್ಬರು ಮೌಲ್ಯಮಾಪನಕ್ಕೆ ಕುಳಿತರೆ ಅದಕ್ಕೆ ತಡೆಯಿದೆ. ಪಾಠ ರೂಪಿಸುವ ಸಾಮರ್ಥ್ಯ ಇಲ್ಲಿನ ಅಧ್ಯಾಪಕರಿಗೆ ಎಲ್ಲಿದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಬರುವ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರಿಂದ ಹೊಸ ಪಠ್ಯ ನಿರೀಕ್ಷಿಸಿ, ಅವರಲ್ಲಿ ಸಾಮರ್ಥ್ಯವಿಲ್ಲ ಎನ್ನುವುದು ಅನ್ಯಾಯ.

ಸರ್ಕಾರಗಳು ಇದುವರೆಗೆ ಹಿಡಿದ ಸುಲಭದ ದಾರಿ ಹೊಸ ಬೋರ್ಡು ಹಾಕುವುದು. ನೆರೆಯ ಹಾಸನವೂ ಸೇರಿ ಹಲವು ಜಿಲ್ಲೆಗಳಿಗೆ ಸಾಕಷ್ಟು ಹಣ, ಹುದ್ದೆ ಕೊಡದೆ ಹೊಸ ವಿಶ್ವವಿದ್ಯಾಲಯ ಘೋಷಿಸಿದ್ದಾಯಿತು. 2025ರಲ್ಲಿ ಸಂಪುಟ ಉಪಸಮಿತಿ ಅಂಥ ಒಂಬತ್ತನ್ನು ಮುಚ್ಚುವ ಮಾತಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 15 ವರ್ಷಗಳಲ್ಲಿ ಸಂಯೋಜನೆ ಪದ್ಧತಿಯನ್ನೇ ಕೈಬಿಟ್ಟು ಕಾಲೇಜುಗಳಿಗೆ ಸ್ವಾಯತ್ತತೆ ಕೊಡಬೇಕೆಂದಿತು. ಆ ನೀತಿಯನ್ನು ಮೊದಲು ಜಾರಿಗೆ ತಂದ ಕರ್ನಾಟಕವೇ ಆಮೇಲೆ ಅದನ್ನು ಬಿಟ್ಟಿತು. ಯಾವ ನೀತಿ ಬಂದರೂ ಹೋದರೂ ತಾಲ್ಲೂಕು ಕಾಲೇಜಿಗೆ ಬೇಕಾದದ್ದು ಬದಲಾಗುವುದಿಲ್ಲ. ತುಮಕೂರು ವಿಶ್ವವಿದ್ಯಾಲಯ ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಕಾಲು ಭಾಗವನ್ನು ಕಾಲೇಜುಗಳಿಗೆ ಬಿಟ್ಟುಕೊಡಲಿ, ಕೊನೆಹಳ್ಳಿಯ ವಿಜ್ಞಾನಿಗಳು ಹೇಳುವ ಪಾಠಕ್ಕೆ ಪದವಿಯ ಅಂಕ ಸಿಗುವಂತೆ ಕೃಷಿ ವಿಶ್ವವಿದ್ಯಾಲಯದ ಜತೆ ಒಪ್ಪಂದ ಮಾಡಿಕೊಳ್ಳಲಿ. ಅದಕ್ಕೂ ಮೊದಲು ಸರ್ಕಾರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜುಗಳಲ್ಲಿ ಖಾಲಿಯಿರುವ ಹುದ್ದೆಗಳನ್ನು ಕಾಯಂ ಅಧ್ಯಾಪಕರಿಂದ ತುಂಬಲಿ.