ಬಾದಾಮಿಗೆ ಹೋಗಿ ಬಂದೆವು, ಯಾರನ್ನು ಕಂಡೆವು?



ರಜೆಯ ದಿನಗಳು ಬಂತೆಂದರೆ ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಪ್ರವಾಸದ ಬಸ್ಸುಗಳು ಹೊರಡುತ್ತವೆ. ವೇಳಾಂಕಣ್ಣಿ, ಗೋವಾ ನೋಡಿ ಮುಗಿಸಿದ ಯುವಜನರು, ಸ್ತ್ರೀ ಸಂಘಟನೆಯವರು, ಧರ್ಮೋಪದೇಶದ ಶಿಕ್ಷಕರು ಘಟ್ಟ ಹತ್ತಿ ಬಾಗಲಕೋಟೆ ಜಿಲ್ಲೆಯತ್ತ ಹೋಗುವುದೂ ಇದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಎರಡು ದಿನದಲ್ಲಿ ಮುಗಿಯುತ್ತವೆ. ಫೋಟೊಗಳು ಬರುತ್ತವೆ, ವರದಿಯೂ ಬರುತ್ತದೆ. ಆದರೆ ಅಲ್ಲಿ ನಾವು ನೋಡಿದ್ದು ಕಲ್ಲನ್ನು ಮಾತ್ರವೋ, ಜನರನ್ನೂ ನೋಡಿದೆವೋ ಎಂಬ ಪ್ರಶ್ನೆ ಉಳಿಯುತ್ತದೆ.

ಮೊದಲು ಕಲ್ಲಿನ ಮಾತು. ಬಾದಾಮಿಯ ಮೇಣಬಸದಿಗಳಲ್ಲಿ ಮೊದಲನೆಯದು ಶಿವನದು, ಎರಡು ಮತ್ತು ಮೂರನೆಯವು ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶ ಕ್ರಿ.ಶ. 578ರಲ್ಲಿ ಪೂರ್ಣಗೊಳಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. ಅದೇ ಬೆಟ್ಟದ ಬುಡದಲ್ಲಿ ಮಸೀದಿಯಿದೆ. ಐಹೊಳೆಯ ಮೇಗುತಿ ಬೆಟ್ಟದಲ್ಲಿ ಬೌದ್ಧರ ಎರಡಂತಸ್ತಿನ ಕಟ್ಟಡವಿದೆ. ಬೆಟ್ಟದ ಮೇಲೆ ಜಿನಾಲಯ. ಅದರ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಜೈನ ಕವಿ ರವಿಕೀರ್ತಿ 634ರಲ್ಲಿ ಬರೆದ ಶಾಸನ. ಕೆಳಗೆ ಊರಿನಲ್ಲಿರುವ ಹಳೆಯ ದೇವಾಲಯವೊಂದಕ್ಕೆ ಲಾಡಖಾನ್ ಗುಡಿ ಎಂದು ಹೆಸರು. ಹಿಂದೊಮ್ಮೆ ಅದರಲ್ಲಿ ವಾಸವಾಗಿದ್ದ ಮುಸಲ್ಮಾನನೊಬ್ಬನ ಹೆಸರು ಹಾಗೆಯೇ ಉಳಿದುಕೊಂಡಿದೆ.

ಇದನ್ನು ನೋಡಿ 'ಆಹಾ, ಎಂತಹ ಸೌಹಾರ್ದ!' ಎಂದು ಮರಳಿದರೆ ಅರ್ಧ ಪಾಠವಾದೀತು. ಆ ಕಾಲವೂ ಶಾಂತಿಯ ಕಾಲವಾಗಿರಲಿಲ್ಲ. ಪುಲಕೇಶಿಯ ಇದೇ ಬಾದಾಮಿಯನ್ನು ಪಲ್ಲವರು 642ರಲ್ಲಿ ವಶಪಡಿಸಿಕೊಂಡರು. ಜಾತಿಯ ಗೋಡೆ ಒಡೆಯಲು ಹೊರಟ ಬಸವಣ್ಣನವರ ಕಲ್ಯಾಣದ ಚಳವಳಿ ರಕ್ತಪಾತದಲ್ಲಿ ಕೊನೆಗೊಂಡಿತು. ಅವರು ಐಕ್ಯರಾದದ್ದು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ, ಕೃಷ್ಣಾ ಮಲಪ್ರಭೆಯರು ಸೇರುವಲ್ಲಿ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗದಂತೆ ಅವರ ಐಕ್ಯಸ್ಥಳದ ಸುತ್ತ ಗೋಡೆ ಕಟ್ಟಿ ಕಾಪಾಡಲಾಗಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಘೋಷಣೆ ಸುಲಭ. ಹಿನ್ನೀರಿನಿಂದ ಸಮಾಧಿಯನ್ನು ಕಾಪಾಡಿದಷ್ಟೇ ಶ್ರದ್ಧೆಯಿಂದ ಅವರ ಮಾತನ್ನು ಕಾಪಾಡುವುದು ಕಷ್ಟ.

ಕಷ್ಟ ಎಷ್ಟೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ 2022ರ ಜುಲೈಯಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆಯಿತು. ಕೆಲವರಿಗೆ ಇರಿತವಾಯಿತು, ಅಂಗಡಿಗಳಿಗೂ ತಳ್ಳುಗಾಡಿಗಳಿಗೂ ಬೆಂಕಿ ಬಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ಕರಾವಳಿಯಲ್ಲಿಯೇ ಕಾಪು, ಮೂಲ್ಕಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಎದ್ದವು. ದೇವಸ್ಥಾನದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವನ್ನು ಆಗ ಮುಂದೆ ತರಲಾಯಿತು. ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಪ್ರತೀತಿ ಅಲ್ಲಿನ ಜನರ ಬಾಯಲ್ಲಿಯೇ ಇದೆ ಎಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಈ ಎರಡು ಘಟನೆಗಳಲ್ಲಿ ಒಂದು ಸಾಮ್ಯವಿದೆ. ಪೆಟ್ಟು ಬಿದ್ದದ್ದು ಸಂತೆಗೆ, ಅಂಗಡಿಗೆ, ತಳ್ಳುಗಾಡಿಗೆ. ನೆರೆಯವರನ್ನು ಒಟ್ಟಿಗೆ ಹಿಡಿದಿಡುವುದು ಭಾಷಣಗಳಿಗಿಂತ ಹೆಚ್ಚಾಗಿ ದಿನನಿತ್ಯದ ಕೊಡುಕೊಳೆ. ಒಬ್ಬನ ಅನ್ನ ಇನ್ನೊಬ್ಬನ ಕೆಲಸವನ್ನು ಅವಲಂಬಿಸಿರುವವರೆಗೆ ಜಗಳವಾದರೂ ಮಾತು ನಿಲ್ಲುವುದಿಲ್ಲ. ಆ ಎಳೆ ಕಡಿದ ಮೇಲೆ ಶಾಂತಿ ಸಭೆಗಳಿಂದ ಹೆಚ್ಚು ಪ್ರಯೋಜನವಾಗುವುದಿಲ್ಲ.

ಈ ಮಾತು ಕಣ್ಣಿಗೆ ಕಾಣಬೇಕಾದರೆ ಇಳಕಲ್‌ಗೆ ಹೋಗಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಒಂದು, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ನೂಲಿಗೆ ಬಣ್ಣ ಹಾಕುವವರು, ಹಾಸು ಸಿದ್ಧಪಡಿಸುವವರು, ನೇಯುವವರು, ಮಾರುವವರು ಹೀಗೆ ಹಲವು ಕೈ ದಾಟಿ ಸೀರೆಯಾಗುತ್ತದೆ. ಅಗ್ಗದ ಯಂತ್ರದ ಸೀರೆಗಳ ಎದುರು ಕೈಮಗ್ಗ ಸೊರಗಿದರೆ ಸೀರೆಯ ಜೊತೆಗೆ ಈ ನಂಟುಗಳೂ ಸೊರಗುತ್ತವೆ. ಪ್ರವಾಸಿಗರು ನೇಕಾರರ ಮನೆಯಿಂದಲೇ ಒಂದು ಸೀರೆ ಕೊಂಡರೆ ಅದು ಬರೀ ಖರೀದಿಯಲ್ಲ.

ಇಳಕಲ್‌ನಲ್ಲಿ ನಮ್ಮ ಜನರು ತಪ್ಪದೆ ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಅಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ಸುತ್ತಿದರು. ಅವರು ಬೇಡಿದ್ದು ಹಣವನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ತಂಬಾಕುಗಳನ್ನು ಈ ಜೋಳಿಗೆಗೆ ಹಾಕಿ ಎಂದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಅನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಕುಡಿತದಿಂದ ಒಡೆದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ಬೇರೆ ಧರ್ಮದ ಸನ್ಯಾಸಿಯ ಜೋಳಿಗೆಯಿಂದ ನಾವು ಕಲಿಯುವುದಿದೆ ಎಂದರೆ ನಮ್ಮ ವಿಶ್ವಾಸಕ್ಕೆ ಕುಂದಿಲ್ಲ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸ್ಪಷ್ಟಪಡಿಸಿದೆ.

ಕ್ರೈಸ್ತರೂ ಈ ನೆಲಕ್ಕೆ ಹೊಸಬರಲ್ಲ. ಮಂಗಳೂರಿನಲ್ಲಿ ಬೇರೂರಿದ ಬಾಸೆಲ್ ಮಿಶನ್ 19ನೇ ಶತಮಾನದಲ್ಲಿ ಬಾದಾಮಿ ಸಮೀಪದ ನೇಕಾರರ ಊರಾದ ಗುಳೇದಗುಡ್ಡದಲ್ಲಿ ಕೇಂದ್ರ ತೆರೆಯಿತು. ಇಳಕಲ್‌ನ ಆಚೆ ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಬಂದ ಕಥೋಲಿಕ ಸಮುದಾಯವಿದೆ. ಅದೇ ಮುದಗಲ್‌ನ ಮೊಹರಂನಲ್ಲಿ ಹಿಂದೂಗಳೂ ದೊಡ್ಡ ಸಂಖ್ಯೆಯಲ್ಲಿ ಪಾಲ್ಗೊಳ್ಳುತ್ತಾರೆ. ನಮ್ಮ ಪ್ರವಾಸದ ಪಟ್ಟಿಗಳಲ್ಲಿ ಈ ಊರುಗಳ ಹೆಸರು ಕಾಣುವುದು ಅಪರೂಪ.

ಆದುದರಿಂದ ಧರ್ಮಗುರುಗಳಲ್ಲಿಯೂ ಪಾಲನಾ ಸಮಿತಿಗಳಲ್ಲಿಯೂ ನಮ್ಮ ವಿನಂತಿ ಇಷ್ಟು. ಎರಡು ದಿನದ ಪ್ರವಾಸವನ್ನು ಮೂರು ದಿನ ಮಾಡಿ. ಗುಹೆಗಳನ್ನು ನೋಡಿದ ಬಳಿಕ ಅರ್ಧ ದಿನ ಮಗ್ಗದ ಮನೆಗೆ, ಅರ್ಧ ದಿನ ಮಠಕ್ಕೆ, ದರ್ಗಾಕ್ಕೆ ಮೀಸಲಿಡಿ. ಮೊದಲೇ ಹೇಳಿ ಕಳುಹಿಸಿ, ಅಲ್ಲಿಯ ಕ್ರಮದಂತೆ ಪಾದರಕ್ಷೆ ಬಿಟ್ಟು, ತಲೆ ಮುಚ್ಚಿ ಒಳಹೋಗಿ. ಭಾಷಣ ಮಾಡುವುದಕ್ಕಿಂತ ಕೇಳುವುದಕ್ಕೆ ಹೆಚ್ಚು ಸಮಯ ಕೊಡಿ. ಸಾಧ್ಯವಿದ್ದರೆ ನಿಮ್ಮೂರಿನ ಹಿಂದೂ, ಮುಸ್ಲಿಂ ನೆರೆಯವರನ್ನೂ ಅದೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಮನೆಗೆ ಮರಳಿದ ಮೇಲೆ ನಮ್ಮೂರಿನ ಜಾತ್ರೆಯಲ್ಲಿ ಒಬ್ಬ ಬಡ ವ್ಯಾಪಾರಿಯನ್ನು ಎಬ್ಬಿಸಲು ಯಾರಾದರೂ ಬಂದಾಗ, ಅವನ ಪಕ್ಕದಲ್ಲಿ ನಿಲ್ಲಲು ನಮ್ಮಲ್ಲಿ ನಾಲ್ಕು ಜನರಾದರೂ ಇರಬೇಕು. ಪ್ರವಾಸದ ಖರ್ಚು ಸಾರ್ಥಕವಾಯಿತೆಂದು ತಿಳಿಯುವುದು ಅಂದೇ.