ಅಜ್ಜಿಗೆ ಕೊಟ್ಟ ‘ಕಂಪನಿ’

ಕಳೆದ ಬೇಸಿಗೆಯಲ್ಲಿ ನಮ್ಮ ತಾಯಿಯವರು ಹಾಸನದ ಕಡೆಯಿಂದ ಸಯನ್ನಿನ ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ‘ಗಿವ್ ಕಂಪನಿ ಟು ಅಜ್ಜಿ’ ಎಂದು ಮಗನಿಗೆ ನಾವೇ ಅಪ್ಪಣೆ ಮಾಡಿದೆವು. ಹತ್ತು ನಿಮಿಷ ಕೂತು ಎದ್ದುಬಂದವನು ‘ಐ ಗೇವ್’ ಎಂದ.

“ಏನಂತೋ?” ಎಂದರು ತಾಯಿಯವರು.

“ಕಂಪನಿ ಕೊಟ್ಟನಂತಮ್ಮ.”

“ನಂಗ್ಯಾಕಪ್ಪಾ ಕಂಪನಿ? ಎರಡು ಮಾತಾಡಿದ್ರೆ ಸಾಕಾಗಿತ್ತು.”

ನಾಚಿಕೆಯಾದದ್ದು ಎರಡು ಕಾರಣಕ್ಕೆ. ಮೊದಲನೆಯದಾಗಿ, ನಾವಾಡಿದ್ದು ಇಂಗ್ಲಿಷರ ಇಂಗ್ಲಿಷೇ ಅಲ್ಲ. ಅವರು ‘ಕೀಪ್ ಹರ್ ಕಂಪನಿ’ ಎನ್ನುತ್ತಾರೆ. ನಮ್ಮದರಲ್ಲಿ ಹಿಂದಿಯ ‘ಸಾಥ್ ದೇನಾ’ ಇಣುಕುತ್ತದೆ. ಮದುವೆಮನೆಯಿಂದ ಬಂದು ‘ವಿ ಎಂಜಾಯ್ಡ್’ ಎಂದು ನಿಲ್ಲಿಸಿದರೆ, ಏನನ್ನು ಎಂದು ಅವರು ಕಾಯುತ್ತಾರೆ; ‘ಹ್ಯಾಡ್ ಎ ಗುಡ್ ಟೈಮ್’ ಎಂಬುದು ಅವರ ರೂಢಿ. ‘ಹ್ಯಾಂಗ್ ಔಟ್’ ಓರಗೆಯವರಲ್ಲಿ ಸರಿ, ರಜೆಯ ಅರ್ಜಿಯಲ್ಲಿ ಅಲ್ಲ. ಇದನ್ನೆಲ್ಲ ನಾವು ಎಲ್ಲಿ ಕಲಿಯಬೇಕಿತ್ತು? ದಿನವಿಡೀ ನಮ್ಮದು ಫೈಲಿನ ಇಂಗ್ಲಿಷು: ‘ಪುಟ್ ಅಪ್ ಪ್ಲೀಸ್’, ‘ಡು ದ ನೀಡ್‌ಫುಲ್’. ಸಂಜೆ ಅದನ್ನೇ ಖಾಲಿ ಡಬ್ಬಿಯ ಜೊತೆ ಮನೆಗೆ ತಂದು ಮಕ್ಕಳಿಗೆ ಬಡಿಸುತ್ತೇವೆ.

ಎರಡನೆಯದು ಇನ್ನೂ ದೊಡ್ಡದು. ಕಲಿಯದೆಯೇ ನಮಗೆ ಬಂದ ಮಾತು ಕನ್ನಡ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ. ಹರಟೆ, ಒಡನಾಟ, ದಕ್ಷಿಣ ಕನ್ನಡದ ಮಿತ್ರರ ಪಟ್ಟಾಂಗ, ‘ಸುಮ್ಮನೆ ಕೂತಿದ್ದೆವು’ ಎಂಬ ಒಂದು ಮಾತು—ಇವು ಮಕ್ಕಳಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಲೋಕಲ್ ಗಾಡಿಯಲ್ಲಿ ಕಡಲೆಕಾಯಿಯವನು ಕೂಗುವ ‘ಟೈಮ್‌ಪಾಸ್’. ಹೆತ್ತ ತಾಯಿಯ ಜೊತೆ ಕೂರುವುದಕ್ಕೆ ಆ ಹೆಸರಿಡಲಾದೀತೆ?

‘ನೀವು ಪಟ್ಟ ಪಾಡು ಮಕ್ಕಳೂ ಪಡಬೇಕೆ?’ ಎಂದು ಮಿತ್ರರು ಕೇಳುತ್ತಾರೆ. ಪಾಡು ನಿಜ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಾವು ಬಿ.ಎಸ್‌ಸಿ. ತರಗತಿಯಲ್ಲೂ ಎಷ್ಟೋ ದಿನ ಏನೂ ತಿಳಿಯದೆ ತಲೆಯಾಡಿಸಿದ್ದುಂಟು. ಆ ಹೆದರಿಕೆ ಇನ್ನೂ ಹೋಗಿಲ್ಲ. ಆದರೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ ಆರು ಗಂಟೆ ಇಂಗ್ಲಿಷೇ ಇದೆ. ಅದರ ಮೇಲೆ ನಮ್ಮ ಹರುಕು ಇಂಗ್ಲಿಷು ಸೇರಿ ಯಾವ ಉಪಕಾರವಾಯಿತು? 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದ ಬಿ.ಎಂ.ಶ್ರೀ. ಅವರು ಇಂಗ್ಲಿಷಿನ ಅಧ್ಯಾಪಕರು! ಇಂಗ್ಲಿಷು ಚೆನ್ನಾಗಿ ಬಲ್ಲವರಿಗೆ ಕನ್ನಡದ ಭಯವಿಲ್ಲ. ಭಯವೆಲ್ಲ ನಮ್ಮಂಥ ಅರೆಬರೆಯವರಿಗೆ.

ರಾಜ್ಯೋತ್ಸವದ ದಿನ ನಾಡಗೀತೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುವ ಮಕ್ಕಳಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ವೇದಿಕೆ ಇಳಿದೊಡನೆ ‘ಕಮ್ ಫಾಸ್ಟ್, ಡ್ರಿಂಕ್ ವಾಟರ್’.

ಈಗ ಸಂಘದ ಭಾನುವಾರದ ಕನ್ನಡ ತರಗತಿಯ ವೇಳೆಯಲ್ಲೇ ಇಂಗ್ಲಿಷು ಸಂಭಾಷಣೆ ಕಲಿಸಬೇಕೆಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಕಲಿಸಲಿ, ಶನಿವಾರ ಇಟ್ಟುಕೊಳ್ಳಲಿ. ಒಳ್ಳೆಯ ಮೇಷ್ಟರು ಸಿಕ್ಕರೆ ಮೊದಲ ಬೆಂಚಿನಲ್ಲಿ ನಾವೇ ಕೂರುತ್ತೇವೆ. ಭಾನುವಾರದ ಆ ಒಂದು ಗಂಟೆಯನ್ನು ಮಾತ್ರ ಮುಟ್ಟಬೇಡಿ.