ಬೊಸೊಲನಿಗೆ ಸಿಗದ ಸಂಬಳ

ಇಂಗ್ಲೆಂಡಿನ ಒಂದನೇ ಜೇಮ್ಸ್ ದೊರೆಯ ಕಾಲದ (1603–1625) ಸೇಡಿನ ದುರಂತ ನಾಟಕಗಳ ಬಗ್ಗೆ ಗೈಡುಗಳು ನಮಗೆ ಬಾಯಿಪಾಠ ಮಾಡಿಸುವುದು ಒಂದೇ ಪಟ್ಟಿ: ರೋಮನ್ ನಾಟಕಕಾರ ಸೆನೆಕನ ಪ್ರಭಾವ, ದೆವ್ವ, ಹುಚ್ಚು, ವಿಷ, ಕೊನೆಗೆ ರಂಗದ ತುಂಬ ಹೆಣ. ಪಟ್ಟಿಯಲ್ಲಿ ಸುಳ್ಳೇನಿಲ್ಲ. ಸೆನೆಕನ ಹೆಸರಿನ ಹತ್ತು ನಾಟಕಗಳು 1581ರಲ್ಲೇ ಇಂಗ್ಲಿಷಿನಲ್ಲಿ ಒಟ್ಟಾಗಿ ಅಚ್ಚಾಗಿದ್ದವು. ಆದರೆ ಈ ಪಟ್ಟಿ ಹಿಡಿದು ಓದಿದರೆ ಒಬ್ಬ ಮುಖ್ಯ ಮನುಷ್ಯ ಕಣ್ಣಿಗೇ ಬೀಳುವುದಿಲ್ಲ ಎನ್ನುವುದು ನನ್ನ ತಕರಾರು. ಅವನು ಓದು ಮುಗಿಸಿ, ಕೆಲಸಕ್ಕಾಗಿ ದೊಡ್ಡವರ ಬಾಗಿಲು ಕಾಯುವ ಯುವಕ.

ಜಾನ್ ವೆಬ್‌ಸ್ಟರ್‌ನ ‘ದಿ ವೈಟ್ ಡೆವಿಲ್’ (1612) ನಾಟಕದ ಫ್ಲಮಿನಿಯೊನನ್ನೇ ನೋಡಿ. ಅಪ್ಪ ಜಮೀನೆಲ್ಲ ಮಾರಿ ಸತ್ತ. ಮಗ ಪಡುವಾ ವಿಶ್ವವಿದ್ಯಾಲಯದಲ್ಲಿ ಓದಿದ. ಖರ್ಚಿಗೆ ಕಾಸಿಲ್ಲದೆ ಏಳು ವರ್ಷ ಮೇಷ್ಟ್ರ ಹರಿದ ಕಾಲುಚೀಲ ಹೊಲಿದ. ಈಗ ಡ್ಯೂಕನ ಕಾರ್ಯದರ್ಶಿ. ಒಡಹುಟ್ಟಿದವಳನ್ನೇ ಒಡೆಯನಿಗೆ ಒಪ್ಪಿಸಲು ಓಡಾಡುತ್ತಿದ್ದಾನೆ. ತಾಯಿ ಛೀಮಾರಿ ಹಾಕಿದಾಗ ಅವನು ಕೊಡುವ ಉತ್ತರವೇ ಈ ಕಾಲುಚೀಲದ ಕಥೆ.

ಅದೇ ವೆಬ್‌ಸ್ಟರ್‌ನ ‘ದಿ ಡಚೆಸ್ ಆಫ್ ಮಾಲ್ಫಿ’ಯ ಬೊಸೊಲ ಕೂಡ ಪಡುವಾದಲ್ಲಿ ಓದಿದವನು. ಒಂದು ಕೊಲೆಗಾಗಿ ಏಳು ವರ್ಷ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ ಅನುಭವಿಸಿ ಬಂದಿದ್ದಾನೆ. ಆ ಕೊಲೆ ಮಾಡಿಸಿದವನು ಡಚೆಸ್‌ಳ ಅಣ್ಣ ಕಾರ್ಡಿನಲ್ ಎಂದು ಊರೆಲ್ಲ ಗುಸುಗುಸು. ಈಗ ಅವಳ ಇನ್ನೊಬ್ಬ ಸೋದರ ಫರ್ಡಿನೆಂಡ್ ಇವನಿಗೆ ಅವಳ ಕುದುರೆ ಲಾಯದ ಮೇಲ್ವಿಚಾರಣೆ ಕೊಡಿಸುತ್ತಾನೆ. ಅದು ಹೆಸರಿಗಷ್ಟೇ, ನಿಜವಾದ ಕೆಲಸ ಗೂಢಚರ್ಯೆ. ಕೊನೆಗೆ ಅವಳ ಕೊಲೆಯನ್ನೂ ಇವನ ಕೈಯಲ್ಲೇ ಮಾಡಿಸುತ್ತಾರೆ. ಮುಗಿದ ಮೇಲೆ ಸಂಬಳ ಕೇಳಿದರೆ ಫರ್ಡಿನೆಂಡ್ ಕೊಡುವುದು ಈ ಕೊಲೆಗೊಂದು ಕ್ಷಮಾಪಣೆ, ಅಷ್ಟೇ! ಬೊಸೊಲ ಸೇಡಿಗೆ ನಿಲ್ಲುವುದು ಇದಾದ ನಂತರ.

ನಾಟಕ ಇಟಲಿಯದು, ನೋಡುವವರು ಲಂಡನ್ನಿನವರು. ಅವರಿಗೆ ಇದು ಪರದೇಶದ ಕಥೆಯಾಗಿ ಕಂಡಿರಲಾರದು. ಜೇಮ್ಸ್ ದೊರೆ 1611ರಲ್ಲಿ ‘ಬ್ಯಾರೊನೆಟ್’ ಎಂಬ ಹೊಸ ಬಿರುದನ್ನೇ ಹುಟ್ಟಿಸಿ 1,095 ಪೌಂಡಿಗೆ ಮಾರಿದ. ವಿಶ್ವವಿದ್ಯಾಲಯಗಳಿಂದ ಹೊರಬೀಳುವವರು ಹೆಚ್ಚಿದ್ದರು, ಹುದ್ದೆಗಳು ಕಡಿಮೆ, ಇದ್ದವೂ ಪ್ರಭಾವಿಗಳ ಕೈಯಲ್ಲಿ.

ನ್ಯಾಯದ ಸ್ಥಿತಿ ಇನ್ನೂ ಸೊಗಸು. 1613ರಲ್ಲಿ ಥಾಮಸ್ ಓವರ್‌ಬರಿ ಎಂಬಾತನನ್ನು ಲಂಡನ್ ಟವರ್ ಸೆರೆಯಲ್ಲಿ ವಿಷವಿಟ್ಟು ಕೊಂದರು. ಸಹಾಯ ಮಾಡಿದ ನಾಲ್ವರು 1615ರಲ್ಲಿ ಗಲ್ಲಿಗೇರಿದರು. ಮರುವರ್ಷ ತಪ್ಪಿತಸ್ಥರೆಂದು ತೀರ್ಮಾನವಾದ ಸಾಮರ್‌ಸೆಟ್‌ನ ಅರ್ಲ್ ಮತ್ತು ಅವನ ಹೆಂಡತಿಯ ಪ್ರಾಣ ಮಾತ್ರ ಉಳಿಯಿತು. ಅರ್ಲ್ ದೊರೆಯ ಅಚ್ಚುಮೆಚ್ಚಿನವನಾಗಿದ್ದ. ವೆಬ್‌ಸ್ಟರ್‌ನ ನಾಟಕ 1614ರ ಹೊತ್ತಿಗಾಗಲೇ ರಂಗಕ್ಕೆ ಬಂದಿತ್ತು. ಅಂದರೆ ಬೊಸೊಲ ಮೊದಲು, ಮೊಕದ್ದಮೆ ಆಮೇಲೆ. ಆ ದಂಪತಿಯ ವಿರುದ್ಧ ಸರ್ಕಾರದ ಪರ ವಾದಿಸಿದ ಫ್ರಾನ್ಸಿಸ್ ಬೇಕನ್ ಮುಂದೆ 1625ರ ತನ್ನ ಪ್ರಬಂಧವೊಂದರಲ್ಲಿ, ಸೇಡು ಕಾನೂನನ್ನೇ ಕೆಲಸದಿಂದ ಕಿತ್ತುಹಾಕುತ್ತದೆ ಎಂದು ಬುದ್ಧಿ ಹೇಳಿದ. ಲಂಚ ಪಡೆದದ್ದಕ್ಕೆ ಬೇಕನ್‌ನೇ ಕೆಲಸದಿಂದ ಕಿತ್ತುಹಾಕಿಸಿಕೊಂಡದ್ದು 1621ರಲ್ಲಿ!

ಹಳೆಯ ನಾಟಕಕ್ಕೆ ನಮ್ಮ ನಿರುದ್ಯೋಗದ ಸಂಕಟ ಅಂಟಿಸಬೇಡಿ ಎಂದು ಕೆಲವರು ಹೇಳುತ್ತಾರೆ. ಅಂಟಿಸುವ ಅಗತ್ಯವೇ ಇಲ್ಲ, ಕಾಲುಚೀಲವೂ ಸಂಬಳವೂ ನಾಟಕದಲ್ಲೇ ಇವೆ. ನೆಟ್, ಕೆ-ಸೆಟ್ ಎಂದು ಓದುತ್ತಾ ಕೂತ ನಮಗೆ ಅವು ಬೇಗ ಕಣ್ಣಿಗೆ ಬೀಳಬಹುದು, ಅಷ್ಟೆ.

ಹಾಗೆಂದು ವೆಬ್‌ಸ್ಟರ್ ಬೊಸೊಲನ ಬೆನ್ನು ತಟ್ಟುವುದಿಲ್ಲ. ನಾನು ಅವನನ್ನು ಮೆಚ್ಚುವುದು ಇದಕ್ಕೇ. ಡಚೆಸ್‌ಳ ಗಂಡ ಆಂಟೊನಿಯೊನನ್ನಾದರೂ ಉಳಿಸಬೇಕು ಎಂದುಕೊಂಡು ಬೊಸೊಲ ಕೊನೆಯ ಅಂಕದಲ್ಲಿ ಅರಮನೆಗೆ ಬರುತ್ತಾನೆ. ಕತ್ತಲಲ್ಲಿ ಯಾರೋ ಎದುರಾದಂತಾಗುತ್ತದೆ, ಇರಿಯುತ್ತಾನೆ. ದೀಪ ತಂದು ನೋಡಿದರೆ, ಆಂಟೊನಿಯೊ.